ಜಮಖಂಡಿಯಿಂದ ಖೋಡದ್ ಎಷ್ಟು ದೂರ?

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್ ಇದೆ. ಕಬ್ಬಿನ ಟ್ರ್ಯಾಲಿ ರಿಪೇರಿಯೇ ಜಾಸ್ತಿ. ಮಗಳು ಬಿ.ಎಸ್ಸಿ. ಎರಡನೇ ವರ್ಷ, ಭೌತಶಾಸ್ತ್ರ ಮತ್ತು ಗಣಿತ. ಕಾಲೇಜಿನವರ ಜೊತೆ ಪುಣೆ ಹತ್ತಿರ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ನೋಡಿ ಬಂದಾಗಿನಿಂದ "ಅಪ್ಪಾ, ನಾ ಇದನ್ನ ಓದಾಕಿ" ಅಂತ ಹಟ ಹಿಡಿದಿದ್ದಾಳೆ. ಸರ್, ಅಲ್ಲಿ ಈಗ ಹೊಸದೇನು ನಡೆದಿದೆ? ನಮ್ಮಂಥ ಊರಿನ ಹುಡುಗಿಗೆ ಅಲ್ಲಿ ಜಾಗ ಇದೆಯಾ? ಎಂ.ಎಸ್ಸಿ. ಮುಗಿಯೋ ತನಕ ಕಾಯಬೇಕಾ? ಅವಳ ತಮ್ಮ ಐಟಿಐ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ, ಅವನಿಗೂ ಏನಾದರೂ ಇದೆಯಾ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಯಬೇಕಾಗಿಲ್ಲ. ಮಗನಿಗೂ ಇದೆ. ಹೇಗೆ ಅನ್ನುವುದಕ್ಕೆ ಸ್ವಲ್ಪ ವಿವರ ಬೇಕು. ಅದಕ್ಕಿಂತ ಮೊದಲು ನಿಮ್ಮ ಮಗಳು ಅಲ್ಲಿ ಏನು ನೋಡಿ ಬಂದಳು ಅನ್ನುವುದು ನಿಮಗೆ ಗೊತ್ತಾಗಬೇಕು, ಅಲ್ವಾ?

ವಿಜಯಪುರದ ಗೋಳಗುಮ್ಮಟ ನೋಡಿಯೇ ಇರುತ್ತೀರಿ. ಆ ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್. ಅದನ್ನು ಎತ್ತಿ, ಬಾಯಿ ಮೇಲೆ ಮಾಡಿ ಒಂದು ಕಂಬದ ಮೇಲೆ ಇಟ್ಟಿದ್ದಾರೆ ಅಂದುಕೊಳ್ಳಿ. ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯುವ ಜಿಎಂಆರ್‌ಟಿಯ ಒಂದು ಡಿಶ್ ಅಷ್ಟು ದೊಡ್ಡದು, 45 ಮೀಟರ್. ಅಂಥವು ಅಲ್ಲಿ 30 ಇವೆ. 14 ಡಿಶ್ ಖೋಡದ್ ಊರಿನ ಹತ್ತಿರ ಗುಂಪಾಗಿವೆ. ಉಳಿದ 16 ಇಂಗ್ಲಿಷಿನ ವೈ ಅಕ್ಷರದ ಹಾಗೆ ಮೂರು ದಿಕ್ಕಿಗೆ ಚಾಚಿಕೊಂಡಿವೆ. ತುದಿಯಿಂದ ತುದಿಗೆ ಸುಮಾರು 25 ಕಿಲೋಮೀಟರ್. ಹೆಚ್ಚುಕಡಿಮೆ ಬೆಳಗಾವಿಯಿಂದ ಖಾನಾಪುರದಷ್ಟು. ದೂರ ದೂರ ಇರುವ ಈ ಡಿಶ್‌ಗಳಿಗೆ ಬಂದದ್ದನ್ನೆಲ್ಲ ಫೈಬರ್ ಕೇಬಲ್‌ನಲ್ಲಿ ಒಂದು ಕಡೆ ತಂದು, ಎರಡೆರಡು ಡಿಶ್ ಜೋಡಿ ಮಾಡಿ ಹೋಲಿಸುತ್ತಾರೆ. 30 ಡಿಶ್‌ಗೆ 435 ಜೋಡಿ ಆಗುತ್ತವೆ. ಹಾಗೆ ಕೂಡಿಸಿದಾಗ 25 ಕಿಲೋಮೀಟರ್ ಅಗಲದ ಒಂದೇ ಕಣ್ಣಿನಷ್ಟು ಸೂಕ್ಷ್ಮ ನೋಟ ಸಿಗುತ್ತದೆ.

ಅಷ್ಟು ದೊಡ್ಡ ಡಿಶ್ ಗಾಳಿಗೆ ಯಾಕೆ ಮಗುಚುವುದಿಲ್ಲ? ಇದು ನಿಮ್ಮ ಕಸುಬಿನವರಿಗೆ ಇಷ್ಟವಾಗುವ ಸಂಗತಿ. ಅದರಲ್ಲಿ ತಗಡೇ ಇಲ್ಲ. ಇರುವುದು ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಜಾಲಿ. ತಂತಿಯ ದಪ್ಪ 0.55 ಮಿಲಿಮೀಟರ್. ನಡುವೆ ಒಂದು ಸೆಂಟಿಮೀಟರಿನ ಕಣ್ಣು, ಅಂಚಿಗೆ ಹೋದಂತೆ ಎರಡು ಸೆಂಟಿಮೀಟರಿನ ಕಣ್ಣು. ಇವರು ಹಿಡಿಯುವ ರೇಡಿಯೋ ಅಲೆಗಳು ಇಪ್ಪತ್ತು ಸೆಂಟಿಮೀಟರಿನಿಂದ ಎರಡು ಮೀಟರಿಗೂ ಜಾಸ್ತಿ ಉದ್ದ ಇರುತ್ತವೆ. ಅವಕ್ಕೆ ಆ ಜಾಲಿಯೇ ಗೋಡೆ. ಗಾಳಿ ಮಾತ್ರ ಸಲೀಸಾಗಿ ತೂರಿಹೋಗುತ್ತದೆ. ಜಾಲಿಯನ್ನು ಸ್ಟೀಲ್ ಹಗ್ಗಗಳಿಗೆ ಎಳೆದು ಕಟ್ಟಿ ಬಾಗು ತಂದಿದ್ದಾರೆ. ಹೀಗಾಗಿ ಭಾರ ಕಮ್ಮಿ, ಖರ್ಚೂ ಕಮ್ಮಿ. ಇದರ ಹಿಂದಿದ್ದವರು ಗೋವಿಂದ ಸ್ವರೂಪ್. 1970ರ ಹೊತ್ತಿಗೆ ಊಟಿಯಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ ಕಟ್ಟಿದವರೂ ಅವರೇ. ಅಲ್ಲಿ ಗುಡ್ಡದ ಇಳಿಜಾರು ಆ ಊರಿನ ಅಕ್ಷಾಂಶದಷ್ಟೇ ಇದೆ ಅಂತ ಹುಡುಕಿ, ಗುಡ್ಡವನ್ನೇ ಯಂತ್ರದ ಭಾಗ ಮಾಡಿಕೊಂಡಿದ್ದರು. ದುಡ್ಡು ಕಮ್ಮಿ ಇದ್ದಾಗ ತಲೆ ಹೇಗೆ ಓಡಿಸಬೇಕು ಅನ್ನುವುದನ್ನು ಅವರಿಂದ ಕಲಿಯಬೇಕು. 2020ರಲ್ಲಿ ತೀರಿಕೊಂಡರು.

ಜಿಎಂಆರ್‌ಟಿ ನಡೆಸುವುದು ಎನ್‌ಸಿಆರ್‌ಎ ಅನ್ನುವ ರೇಡಿಯೋ ಖಗೋಳ ಸಂಸ್ಥೆ. ಅದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನ ಭಾಗ. ಕಚೇರಿ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿದೆ. ದೂರದರ್ಶಕ ಇರುವುದು ಅಲ್ಲಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್, ನಾರಾಯಣಗಾಂವ್ ದಾಟಿ. ಸುತ್ತ ಟೊಮ್ಯಾಟೊ, ದ್ರಾಕ್ಷಿ ಬೆಳೆ. ತಿಕೋಟಾ ಕಡೆಯವರು ಹೋದರೆ ತಮ್ಮ ಹೊಲದಲ್ಲೇ ನಿಂತ ಹಾಗೆ ಅನಿಸುತ್ತದೆ.

ಈಗ ಹೊಸದೇನು ಅನ್ನುವ ಮಾತಿಗೆ ಬರೋಣ.

ದೊಡ್ಡ ಬದಲಾವಣೆ ಹೊರಗೆ ನೋಡಿದರೆ ಕಾಣುವುದಿಲ್ಲ. ಡಿಶ್ ಅವೇ, ಜಾಲಿ ಅದೇ. ಒಳಗಿನ ರಿಸೀವರ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಲ್ಲ ಬದಲಾದವು. ಮೊದಲು ಒಂದು ಸಲಕ್ಕೆ 32 ಮೆಗಾಹರ್ಟ್ಸ್ ಅಗಲದ ಪಟ್ಟಿ ಮಾತ್ರ ಕೇಳುತ್ತಿತ್ತು. ಈಗ 400 ಮೆಗಾಹರ್ಟ್ಸ್. ಸಣ್ಣ ಕಿಟಕಿ ಒಡೆದು ದೊಡ್ಡ ಬಾಗಿಲು ಇಟ್ಟ ಹಾಗೆ. ಇದಕ್ಕೆ ಅಪ್‌ಗ್ರೇಡೆಡ್ ಜಿಎಂಆರ್‌ಟಿ ಅಂತಾರೆ. 120ರಿಂದ ಸುಮಾರು 1,450 ಮೆಗಾಹರ್ಟ್ಸ್‌ವರೆಗೆ, ನಡುನಡುವೆ ಸ್ವಲ್ಪ ಬಿಟ್ಟು, ಬಹುತೇಕ ಎಲ್ಲ ಕಡೆ ನೋಡಬಹುದು.

ಇದರಿಂದ ಏನಾಯಿತು ಅಂತ ಕೇಳಿದರೆ ನಾನು ಹೈಡ್ರೋಜನ್ ಕಥೆಯನ್ನೇ ಹೇಳುವುದು. ಹೈಡ್ರೋಜನ್ ಪರಮಾಣು ತಾನಾಗಿ 1,420 ಮೆಗಾಹರ್ಟ್ಸ್‌ನಲ್ಲಿ ಒಂದು ಸಣ್ಣ ಸಂಕೇತ ಬಿಡುತ್ತದೆ. ಅಲೆಯ ಉದ್ದ 21 ಸೆಂಟಿಮೀಟರ್. ನಕ್ಷತ್ರಗಳು ಹುಟ್ಟುವುದು ಈ ಅನಿಲದಿಂದಲೇ. ಆದ್ದರಿಂದ ಯಾವ ಗ್ಯಾಲಕ್ಸಿಯಲ್ಲಿ ಎಷ್ಟು ಹೈಡ್ರೋಜನ್ ಉಳಿದಿದೆ ಅಂತ ಗೊತ್ತಾದರೆ ಅದರ ಮುಂದಿನ ಬಾಳು ಗೊತ್ತಾದ ಹಾಗೆ. ತೊಂದರೆ ಏನೆಂದರೆ, ಸಂಕೇತ ಬಹಳ ಕ್ಷೀಣ. ದೂರ ಹೋದಷ್ಟೂ ವಿಶ್ವ ಹಿಗ್ಗಿ ಅಲೆಯೂ ಹಿಗ್ಗುತ್ತದೆ. 2020ರಲ್ಲಿ ಎನ್‌ಸಿಆರ್‌ಎ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಒಂದು ಉಪಾಯ ಮಾಡಿದರು. ಏಳೂವರೆ ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳ ಸಂಕೇತವನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರು. ಒಂಟಿಯಾಗಿ ಯಾವುದೂ ಕೇಳಿಸದು, ಕೂಡಿಸಿದರೆ ಕೇಳಿಸಿತು. ಸುಮಾರು 800 ಕೋಟಿ ವರ್ಷದ ಹಿಂದೆ ಗ್ಯಾಲಕ್ಸಿಗಳಲ್ಲಿ ಎಷ್ಟು ಹೈಡ್ರೋಜನ್ ಇತ್ತು ಅನ್ನುವ ಲೆಕ್ಕ ಅದರಿಂದ ಸಿಕ್ಕಿತು. ಆಗ ನಕ್ಷತ್ರ ಹುಟ್ಟುತ್ತಿದ್ದ ವೇಗಕ್ಕೆ ಆ ಅನಿಲ ನೂರಿನ್ನೂರು ಕೋಟಿ ವರ್ಷಕ್ಕೆ ಖಾಲಿ. ಆಮೇಲೆ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಯಾಕೆ ಇಳಿಮುಖ ಆಯಿತು ಅನ್ನುವುದಕ್ಕೆ ಕಾರಣ ಇಲ್ಲೇ ಕಾಣುತ್ತದೆ. ಹೊರಗಿಂದ ಹೊಸ ಅನಿಲ ಬರುವುದು ಸಾಲಲಿಲ್ಲ.

2023ರಲ್ಲಿ ಇನ್ನೊಂದು. ಒಂದೇ ಒಂದು ಗ್ಯಾಲಕ್ಸಿಯ ಹೈಡ್ರೋಜನ್, 880 ಕೋಟಿ ವರ್ಷದ ಹಿಂದಿನದು. 21 ಸೆಂಟಿಮೀಟರ್ ಇದ್ದ ಅಲೆ ಇಲ್ಲಿಗೆ ಬರುವಾಗ 48 ಸೆಂಟಿಮೀಟರ್ ಆಗಿತ್ತು. ನಡುವೆ ಇದ್ದ ಇನ್ನೊಂದು ಗ್ಯಾಲಕ್ಸಿ ಮಸೂರದ ಹಾಗೆ ಆ ಸಂಕೇತವನ್ನು ಸುಮಾರು 30 ಪಟ್ಟು ಜೋರು ಮಾಡಿ ತೋರಿಸಿತು. ಈ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬರು ಕೆನಡಾದಲ್ಲಿದ್ದರು, ಇನ್ನೊಬ್ಬರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಅದೇ ವರ್ಷ ಜೂನ್‌ನಲ್ಲಿ ಪಲ್ಸಾರ್ ಸುದ್ದಿ ಬಂತು. ಪಲ್ಸಾರ್ ಅಂದರೆ ಗಡಿಯಾರದ ಹಾಗೆ ತಪ್ಪದೆ ತಿರುಗುವ ಸತ್ತ ನಕ್ಷತ್ರ. ಹತ್ತಾರು ಪಲ್ಸಾರ್‌ಗಳ ಟಿಕ್‌ಟಿಕ್ ಅನ್ನು ವರ್ಷಗಟ್ಟಲೆ ಅಳೆದು, ಅದರಲ್ಲಿನ ಸಣ್ಣ ಹಿಂದುಮುಂದಿನಿಂದ ಗುರುತ್ವದ ಅಲೆಗಳ, ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಅಲೆಗಳ ಸುಳಿವು ಹಿಡಿದರು. ಯುರೋಪಿನವರ ಜೊತೆ ಭಾರತದ ತಂಡವೂ ಇತ್ತು, ಡೇಟಾ ಜಿಎಂಆರ್‌ಟಿಯದು. ಕಡಿಮೆ ಆವರ್ತನದಲ್ಲಿ ನೋಡುವ ಜಿಎಂಆರ್‌ಟಿ ಇಲ್ಲಿ ಯಾಕೆ ಬೇಕು ಅಂದರೆ, ದಾರಿಯಲ್ಲಿನ ಎಲೆಕ್ಟ್ರಾನ್‌ಗಳಿಂದ ಆಗುವ ತಡ ಆ ಪಟ್ಟಿಯಲ್ಲೇ ಚೆನ್ನಾಗಿ ಕಾಣುತ್ತದೆ. ಅದನ್ನು ಕಳೆಯದೆ ಲೆಕ್ಕ ಸರಿಹೋಗುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಪರಮ್ ರುದ್ರ ಹೆಸರಿನ ಮೂರು ಸೂಪರ್‌ಕಂಪ್ಯೂಟರ್‌ಗಳ ಉದ್ಘಾಟನೆ ಆಯಿತು. ಅದರಲ್ಲಿ ಒಂದು ಜಿಎಂಆರ್‌ಟಿಗೆ. ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಹೊತ್ತು ಮಿಂಚಿ ಮಾಯವಾಗುವ ರೇಡಿಯೋ ಸ್ಫೋಟಗಳನ್ನು ಹಿಡಿಯುವುದು ಅದರ ಕೆಲಸ. ಬೇರೆಯವರು ಬೇರೆ ಏನನ್ನೋ ನೋಡುತ್ತಿರುವಾಗಲೇ ಇದು ಪಕ್ಕದಲ್ಲಿ ಕೂತು ಅದೇ ಸಂಕೇತದಲ್ಲಿ ಮಿಂಚು ಹುಡುಕುತ್ತದೆ. ನನಗಂತೂ ಈಗ ಅಲ್ಲಿ ನಡೆದಿರುವುದರಲ್ಲಿ ಅತಿ ಕುತೂಹಲದ್ದು ಇದೇ.

ಇನ್ನು ಎಸ್‌ಕೆಎ. ದಕ್ಷಿಣ ಆಫ್ರಿಕಾದಲ್ಲಿ 197 ಡಿಶ್, ಆಸ್ಟ್ರೇಲಿಯಾದಲ್ಲಿ 1,31,072 ಸಣ್ಣ ಆಂಟೆನಾ ಸೇರಿ ಆಗುತ್ತಿರುವ ಜಗತ್ತಿನ ಅತಿ ದೊಡ್ಡ ರೇಡಿಯೋ ದೂರದರ್ಶಕ. ಭಾರತ ಇದಕ್ಕೆ 1,250 ಕೋಟಿ ರೂಪಾಯಿ ಕೊಡಲು ಒಪ್ಪಿದೆ. ಇಡೀ ಯಂತ್ರವನ್ನು ನಡೆಸುವ ನಿಯಂತ್ರಣ ಸಾಫ್ಟ್‌ವೇರ್ ಕೆಲಸದಲ್ಲಿ ಎನ್‌ಸಿಆರ್‌ಎ ಮುಂದಾಳು. ನಿಮ್ಮ ಮಗಳು ಪಿಎಚ್‌ಡಿ ಮಾಡುವ ವಯಸ್ಸಿಗೆ ಬರುವಾಗ ಇದರ ಡೇಟಾ ಬರತೊಡಗಿರುತ್ತದೆ. ಕಾಲ ಕೂಡಿಬಂದಿದೆ ಅನ್ನುವುದು ಇದಕ್ಕೇ.

ಈಗ ಜಾಗದ ಮಾತು.

ಎಲ್ಲರೂ ಹೇಳುವ ದಾರಿ ಪರೀಕ್ಷೆಯದು. ಬಿ.ಎಸ್ಸಿ. ಮುಗಿಸಿ ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಒಳ್ಳೆ ಕಡೆ ಎಂ.ಎಸ್ಸಿ., ಆಮೇಲೆ ಪಿಎಚ್‌ಡಿಗೆ ಜೆಸ್ಟ್ ಅಥವಾ ಟಿಐಎಫ್‌ಆರ್‌ನ ಪ್ರವೇಶ ಪರೀಕ್ಷೆ, ಸಂದರ್ಶನ, ಪಿಎಚ್‌ಡಿ. ಅದು ಸರಿಯೇ. ಮಾಡಲೇಬೇಕು. ಆದರೆ ಅದೊಂದೇ ಬಾಗಿಲು ಅಂತ ಮೂರು ವರ್ಷ ಸುಮ್ನೆ ಕೂರುವುದು ತಪ್ಪು. ಈ ಕ್ಷೇತ್ರದಲ್ಲಿ ಡೇಟಾ ಬಚ್ಚಿಡುವುದಿಲ್ಲ. ಜಿಎಂಆರ್‌ಟಿಯಲ್ಲಿ ಯಾರೇ ವೀಕ್ಷಣೆ ಮಾಡಿದರೂ ಒಂದೂವರೆ ವರ್ಷ ಅದು ಅವರದ್ದು. ಆಮೇಲೆ ಆನ್‌ಲೈನ್ ಸಂಗ್ರಹದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜಮಖಂಡಿಯ ಹುಡುಗಿಗೂ ಅಷ್ಟೇ ಹಕ್ಕು, ಹಾರ್ವರ್ಡ್‌ನವರಿಗೂ ಅಷ್ಟೇ ಹಕ್ಕು.

ಕಚ್ಚಾ ಡೇಟಾಕ್ಕೆ ಕೈ ಹಾಕುವ ಮೊದಲು ಇನ್ನೂ ಸುಲಭದ್ದು ಇದೆ. ಟಿಜಿಎಸ್‌ಎಸ್ ಅನ್ನುವ ಸಮೀಕ್ಷೆಯಲ್ಲಿ ಜಿಎಂಆರ್‌ಟಿ 150 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನೂರಕ್ಕೆ 90 ಭಾಗವನ್ನು ನೋಡಿದೆ. ಆರು ಲಕ್ಷಕ್ಕೂ ಹೆಚ್ಚು ರೇಡಿಯೋ ಮೂಲಗಳು. ಚಿತ್ರಗಳೆಲ್ಲ ಪುಕ್ಕಟೆ. ಇವತ್ತೇ ಸಂಜೆ ಮಗಳಿಗೆ ಹೇಳಿ: ಬ್ರೌಸರ್‌ನಲ್ಲಿ ಆಕಾಶದ ಚಿತ್ರ ತೋರಿಸುವ ಅಲಾದಿನ್ ಲೈಟ್ ತೆರೆದು "ಹರ್ಕ್ಯುಲಿಸ್ ಎ" ಅಂತ ಇಂಗ್ಲಿಷಿನಲ್ಲಿ ಹುಡುಕಲಿ. ಮಾಮೂಲಿ ಬೆಳಕಿನ ಚಿತ್ರದಲ್ಲಿ ಒಂದು ಮಬ್ಬು ಚುಕ್ಕೆ. ಈಗ ಪಟ್ಟಿಯಿಂದ ಟಿಜಿಎಸ್‌ಎಸ್ ಆರಿಸಿದರೆ ಆ ಚುಕ್ಕೆಯ ಎರಡೂ ಕಡೆ ಎರಡು ದೊಡ್ಡ ಹೊಳೆಯುವ ಉಂಡೆ ಕಾಣುತ್ತವೆ. ಗ್ಯಾಲಕ್ಸಿಯ ನಡುವಿನ ಕಪ್ಪು ಕುಳಿ ಕಾರಿದ್ದು ಅದು. ಈ ತುದಿಯಿಂದ ಆ ತುದಿಗೆ ಸುಮಾರು 15 ಲಕ್ಷ ಜ್ಯೋತಿರ್ವರ್ಷ. ಚುಕ್ಕೆಯ ಬೆನ್ನಿಗೆ ಇಷ್ಟು ದೊಡ್ಡದು ಅಡಗಿತ್ತು ಅಂತ ಮೊದಲ ಸಲ ನೋಡಿದಾಗ ನನ್ನ ಒಬ್ಬ ವಿದ್ಯಾರ್ಥಿ ಐದು ನಿಮಿಷ ಮಾತೇ ಆಡಲಿಲ್ಲ.

"ಸರಿ, ನೋಡಿದರೆ ಏನು ಬಂತು?" ಅಂತ ಕೇಳಬಹುದು. ಈಚೆಗೆ ಪಶ್ಚಿಮ ಬಂಗಾಳದ ಮೇದಿನಿಪುರ, ಪುರುಲಿಯಾ ಕಡೆಯ ಕಾಲೇಜು, ವಿಶ್ವವಿದ್ಯಾಲಯದವರು ಇದೇ ಟಿಜಿಎಸ್‌ಎಸ್ ಚಿತ್ರಗಳನ್ನು ತಡಕಾಡಿ 34 ಹೊಸ ದೈತ್ಯ ರೇಡಿಯೋ ಗ್ಯಾಲಕ್ಸಿ ಪತ್ತೆ ಮಾಡಿದರು. ಪುರುಲಿಯಾ ಏನು ದೊಡ್ಡ ಪಟ್ಟಣವಾ? ನಮ್ಮ ಬಾಗಲಕೋಟೆಯಂಥದ್ದೇ. ರ‍್ಯಾಡ್ ಅಟ್ ಹೋಮ್ ಅಂತ ನಮ್ಮ ದೇಶದ್ದೇ ಒಂದು ಗುಂಪು 2013ರಿಂದ ಇದೆ. ವಿಜ್ಞಾನ ಓದಿದ ಹುಡುಗ ಹುಡುಗಿಯರಿಗೆ ಮನೆಯಿಂದಲೇ ಇಂಥ ಚಿತ್ರ ಓದುವುದನ್ನು ಕಲಿಸುತ್ತಾರೆ. ಅವರೂ ವಿಚಿತ್ರ ಗ್ಯಾಲಕ್ಸಿಗಳನ್ನು ಹುಡುಕಿ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ಮಗಳು ಅಲ್ಲಿ ಸೇರಲಿ. ಕಚ್ಚಾ ಡೇಟಾವನ್ನು ಚಿತ್ರ ಮಾಡುವ ಕಾಸಾ ಅನ್ನುವ ತಂತ್ರಾಂಶ ಕೂಡ ಉಚಿತ. ಅದಕ್ಕೆ ಲಿನಕ್ಸ್, ಸ್ವಲ್ಪ ಪೈಥಾನ್ ಬೇಕು. ಹಳೆ ಜಿಎಂಆರ್‌ಟಿ ಡೇಟಾ ಕೆಲವೇ ಜಿಬಿ ಇರುತ್ತದೆ, ಮಾಮೂಲಿ ಲ್ಯಾಪ್‌ಟಾಪ್ ಸಾಕು. ಹೊಸದು ನೂರಾರು ಜಿಬಿ ಆಗಬಹುದು. ಮೊದಲು ಹಳೆಯದರಲ್ಲಿ ಕೈ ಪಳಗಲಿ.

ಇಂಗ್ಲಿಷ್ ಭಯ ಇದ್ದೇ ಇರುತ್ತದೆ. ಓದಲು ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆಡುವುದು ತಾನಾಗಿ ಬರುತ್ತದೆ. ಬೆಳಗಾವಿ ಕಡೆಯವರಿಗೆ ಪುಣೆಯಲ್ಲಿ ಮರಾಠಿಯೇ ಅರ್ಧ ಕೆಲಸ ಮಾಡುತ್ತದೆ, ಅದು ಬೇರೆ ಮಾತು.

ಬೇಸಿಗೆಗೆ ಎನ್‌ಸಿಆರ್‌ಎಯಲ್ಲಿ ವಿಎಸ್‌ಆರ್‌ಪಿ ಅನ್ನುವ ವಿದ್ಯಾರ್ಥಿ ಕಾರ್ಯಕ್ರಮ ನಡೆಯುತ್ತದೆ. ಆಯ್ಕೆಯಾದರೆ ಒಬ್ಬ ವಿಜ್ಞಾನಿಯ ಕೈಕೆಳಗೆ ಒಂದು ಸಣ್ಣ ಕೆಲಸ. ಚಳಿಗಾಲಕ್ಕೆ ಪದವಿ ವಿದ್ಯಾರ್ಥಿಗಳಿಗಾಗಿ ರೇಡಿಯೋ ಖಗೋಳದ ಶಾಲೆ ನಡೆಸುತ್ತಾರೆ. ಅದು ಪುಣೆಯಲ್ಲೇ ಇರುವ ಅಯುಕಾ ಅನ್ನುವ ಖಗೋಳ ಸಂಸ್ಥೆಯವರ ಜೊತೆ ಸೇರಿ. ಇಂಜಿನಿಯರಿಂಗ್‌ನವರಿಗೆ ಬೇರೆ ತರಬೇತಿ ಇದೆ. ಎಲ್ಲದಕ್ಕೂ ಅರ್ಜಿ ತಿಂಗಳುಗಟ್ಟಲೆ ಮೊದಲೇ ಕರೆಯುತ್ತಾರೆ. ಇಲ್ಲಿ ನನ್ನದೊಂದು ನೋವು ಹೇಳಬೇಕು. ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಒಬ್ಬ ಜಾಣ ಹುಡುಗಿಯ ಅರ್ಜಿಗೆ ಆಫೀಸಿನ ಸಹಿ ಬೇಕಿತ್ತು. "ನಾಳೆ ಬಾ" ಅಂದರು. ಒಂಬತ್ತು ದಿನ ನಾಳೆ ಆಯಿತು. ಹತ್ತನೇ ದಿನ ಸಹಿ ಸಿಕ್ಕಾಗ ಕೊನೆಯ ದಿನಾಂಕ ದಾಟಿತ್ತು. ಆ ಹುಡುಗಿ ಈಗ ಬ್ಯಾಂಕಿನಲ್ಲಿದ್ದಾಳೆ. ನಾನೇ ಹೋಗಿ ಕೂತು ಮಾಡಿಸಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಆದ್ದರಿಂದ ಜಾಹೀರಾತು ಬರುವ ಮೊದಲೇ ಇಬ್ಬರು ಅಧ್ಯಾಪಕರ ಹತ್ತಿರ ಶಿಫಾರಸು ಪತ್ರದ ಮಾತು ಮುಗಿಸಿಟ್ಟುಕೊಳ್ಳಿ. ಅಪ್ಪ ಬಂದು ಕೇಳಿದರೆ ಸಹಿ ಬೇಗ ಬೀಳುತ್ತದೆ.

ಮಗನ ವಿಷಯ. 30 ಡಿಶ್ ಗಾಳಿ, ಮಳೆ, ಬಿಸಿಲಲ್ಲಿ ಹಗಲು ರಾತ್ರಿ ತಿರುಗುತ್ತಿರಬೇಕು ಅಂದರೆ ಅದನ್ನು ತಿರುಗಿಸುವವರು ಬೇಕಲ್ಲ. ಮೋಟರ್, ಗೇರ್, ಫೈಬರ್, ರಿಸೀವರ್, ಹರಿದ ಜಾಲಿ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಫಿಟ್ಟರ್ ಓದಿದ ಹುಡುಗರನ್ನೂ ಅಪ್ರೆಂಟಿಸ್, ತಾಂತ್ರಿಕ ಹುದ್ದೆಗಳಿಗೆ ಆಗಾಗ ಕರೆಯುತ್ತಾರೆ. ಎನ್‌ಸಿಆರ್‌ಎ ವೆಬ್‌ಸೈಟ್ ತಿಂಗಳಿಗೊಮ್ಮೆ ನೋಡುವ ರೂಢಿ ಮಾಡಿಸಿ. ವಿಜ್ಞಾನಿಗಳ ಹೆಸರು ಪೇಪರಿನಲ್ಲಿ ಬರುತ್ತದೆ. ಮಳೆಗಾಲದ ಮಧ್ಯರಾತ್ರಿ ನಿಂತುಹೋದ ಡಿಶ್ ಹತ್ತಿ ಸರಿಮಾಡಿದವನ ಹೆಸರು ಬರುವುದಿಲ್ಲ. ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಯಾರಿಲ್ಲದೆ ಏನು ನಿಲ್ಲುತ್ತದೆ ಅಂತ ಚೆನ್ನಾಗಿ ಗೊತ್ತು.

ಒಂದು ಕೆಲಸವನ್ನು ನೀವೇ ಮಾಡಿಕೊಡಬಹುದು. ಅದಕ್ಕೇ ನಿಮ್ಮ ವರ್ಕ್‌ಶಾಪ್ ಅಂದಾಕ್ಷಣ ನನ್ನ ಕಿವಿ ನಿಮಿರಿತು. ನಮ್ಮ ಹಾಲುಹಾದಿಯ ಹೈಡ್ರೋಜನ್ ಹಿಡಿಯಲು 45 ಮೀಟರ್ ಡಿಶ್ ಬೇಡ. ಜಿಐ ಶೀಟಿನ ಒಂದು ಕೊಂಬು ಸಾಕು. ಬಾಯಿ ಎರಡು ಎರಡೂವರೆ ಅಡಿ ಅಗಲ, ಹಿಂದೆ ಸುಮಾರು 16.5 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಎತ್ತರದ ಮುಚ್ಚಿದ ಪೆಟ್ಟಿಗೆ. ಕಾಳು ತುಂಬುವ ದೊಡ್ಡ ಲಾಳಿಕೆಯ ಹಾಗೆ ಇರುತ್ತದೆ. ಪೆಟ್ಟಿಗೆಯೊಳಗೆ ಒಂದು ತಾಮ್ರದ ತಂತಿ ನಿಂತಿರಬೇಕು. ಅದರಿಂದ ಒಂದು ಆಂಪ್ಲಿಫೈಯರ್‌ಗೆ, ಅಲ್ಲಿಂದ ಟಿವಿ ಡಾಂಗಲ್‌ನಂಥ ಒಂದು ಸಣ್ಣ ಎಸ್‌ಡಿಆರ್ ರಿಸೀವರ್‌ಗೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ. ಬೆಳಗಾವಿಯಲ್ಲಿ ನಾವು ಇದನ್ನು ಮಾಡಿದ್ದು ಶ್ರಾವಣದಲ್ಲಿ. ಜಿಟಿಜಿಟಿ ಮಳೆ. ಬೇರೆ ಟೆಲಿಸ್ಕೋಪ್‌ಗಳು ಪೆಟ್ಟಿಗೆಯಲ್ಲಿ ನಿದ್ದೆ ಮಾಡುವ ಕಾಲ. 21 ಸೆಂಟಿಮೀಟರ್ ಅಲೆಗೆ ಮೋಡ ಅಡ್ಡವಲ್ಲ. ಮಾಳಿಗೆಯ ಮೇಲೆ ಕೊಂಬನ್ನು ನೆತ್ತಿಯ ಕಡೆ ತಿರುಗಿಸಿ, ಎಲೆಕ್ಟ್ರಾನಿಕ್ಸ್ ಮೇಲೆ ತಾಡಪತ್ರಿ ಹೊದಿಸಿ ಕೂತೆವು. ಮೊದಲ ರಾತ್ರಿ ಏನೂ ಬರಲಿಲ್ಲ. ಎರಡನೇ ರಾತ್ರಿಯೂ ಇಲ್ಲ. ಪಕ್ಕದ ಮನೆಯ ಎಲ್‌ಇಡಿ ಬಲ್ಬಿನ ಗದ್ದಲ ಮಾತ್ರ ಚೆನ್ನಾಗಿ ಬಂತು.

ಗದ್ದಲ ಅಂದಾಗ ನೆನಪಾಯಿತು. ಖೋಡದ್‌ನಲ್ಲಿ ಮೊಬೈಲ್ ಆಫ್ ಮಾಡಿಸುವುದು ಇದಕ್ಕೇ. ದೂರದ ಗ್ಯಾಲಕ್ಸಿಯ ಮುಂದೆ ನಮ್ಮ ಫೋನು ಕಿವಿಯಲ್ಲಿ ಊದಿದ ಕಹಳೆ. ಪುಣೆ–ನಾಸಿಕ್ ಹೊಸ ರೈಲುಮಾರ್ಗಕ್ಕೂ ಇದೇ ಕಾರಣಕ್ಕೆ ತಕರಾರು ಬಂದು, ದಾರಿಯನ್ನೇ ಬದಲಿಸುವ ಮಾತಾಯಿತು.

ಮೂರನೇ ದಿನ ತಂತಿ ಅಳೆದರೆ 5.8 ಸೆಂಟಿಮೀಟರ್ ಇತ್ತು. ಕತ್ತರಿಸಿದ ಹುಡುಗ ಕನೆಕ್ಟರ್‌ನ ಒಳಗಿನ ಭಾಗವನ್ನು ಬಿಟ್ಟು ಅಳೆಯದೆ, ಅಂದಾಜಿನ ಮೇಲೆ ಇಟ್ಟಿದ್ದ. ಇರಬೇಕಾದ್ದು ಅಲೆಯ ಉದ್ದದ ಕಾಲು ಭಾಗ. ಸರಿಮಾಡಿದೆವು, ಬಲ್ಬನ್ನೂ ಕೇಳಿ ಆರಿಸಿದೆವು. ಆ ರಾತ್ರಿ ಹನ್ನೊಂದು ದಾಟಿ ಹಾಲುಹಾದಿ ನೆತ್ತಿಗೆ ಬರುವ ಹೊತ್ತಿಗೆ ಸ್ಕ್ರೀನಿನ ಸಪಾಟು ಗೆರೆಯಲ್ಲಿ 1,420.4ರ ಹತ್ತಿರ ಒಂದು ಸಣ್ಣ ಡುಬ್ಬ ಎದ್ದಿತು. ಕೊಂಬನ್ನು ಬೇರೆ ಕಡೆ ತಿರುಗಿಸಿದರೆ ಡುಬ್ಬ ಕುಗ್ಗಿತು. ತಿರುಗಿ ತಂದರೆ ಎದ್ದಿತು. ಆ ಡುಬ್ಬ ಸ್ವಲ್ಪ ಆಚೀಚೆ ಸರಿಯುವುದನ್ನು ಅಳೆದರೆ ನಮ್ಮ ಗ್ಯಾಲಕ್ಸಿ ತಿರುಗುವ ವೇಗವೂ ಸಿಗುತ್ತದೆ. ವಿಎಸ್‌ಆರ್‌ಪಿ ಅರ್ಜಿಯಲ್ಲಿ "ನನಗೆ ಆಸಕ್ತಿ ಇದೆ" ಅಂತ ಎಲ್ಲರೂ ಬರೆಯುತ್ತಾರೆ. ಈ ಗ್ರಾಫ್ ಅಂಟಿಸಿ ಕಳಿಸುವವರು ಕಮ್ಮಿ.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಖೋಡದ್‌ನಲ್ಲಿ ಜನರಿಗೆ ಬಾಗಿಲು ತೆರೆಯುತ್ತಾರೆ. ಶಾಲೆ ಕಾಲೇಜಿನ ಮಕ್ಕಳು ತಾವು ಮಾಡಿದ ಮಾದರಿಗಳನ್ನು ತಂದು ಇಡುತ್ತಾರೆ. ಕುಡಚಿಯಲ್ಲಿ ರೈಲು ಹತ್ತಿ ಪುಣೆಗೆ ಬಂದರೆ ಅಲ್ಲಿಂದ ನಾರಾಯಣಗಾಂವ್‌ಗೆ ಬಸ್ಸುಗಳಿವೆ. ಈ ಸಲ ಮೂವರೂ ಹೋಗಿ ಬನ್ನಿ. ಅಷ್ಟರೊಳಗೆ ಕೊಂಬು ಬಡಿದಿಟ್ಟಿರಿ. ತಂತಿ 5.3 ಸೆಂಟಿಮೀಟರ್. ಅಳೆಯುವುದು ಪೆಟ್ಟಿಗೆಯ ಒಳಗೋಡೆಯಿಂದ ತುದಿಯವರೆಗೆ, ಕನೆಕ್ಟರ್ ಲೆಕ್ಕಕ್ಕಿಲ್ಲ.